ಫ್ರಾಮ್ ಹಡಗಿಗೆ ಕಲ್ಲಿದ್ದಲು ಹಾಕಲು ಬಂದವನು

ಫ್ರಾಮ್ ಹಡಗನ್ನು ಕಣ್ಣಾರೆ ಕಂಡಾಗ ಮೊದಲು ಆಗುವುದು ನಿರಾಸೆ. ಉತ್ತರ ಧ್ರುವದ ಕಡೆಗೂ ದಕ್ಷಿಣ ಧ್ರುವದ ಕಡೆಗೂ ಹೋಗಿ ಬಂದ, ಮರದ ಹಡಗುಗಳಲ್ಲೇ ಹೆಸರುವಾಸಿಯಾದ ಈ ಹಡಗು ನೋಡಲು ಕುಳ್ಳಗೆ, ದಪ್ಪಗೆ, ಹೊಟ್ಟೆ ಬಿಟ್ಟುಕೊಂಡಿದೆ. ಉದ್ದ 39 ಮೀಟರ್, ಅಗಲ 11 ಮೀಟರ್. ಓಸ್ಲೊದ ಬಿಗ್ಡೋಯ್‌ನಲ್ಲಿ ಅದರ ಮೇಲೆಯೇ ತ್ರಿಕೋನಾಕಾರದ ಕಟ್ಟಡ ಕಟ್ಟಿ ಮ್ಯೂಸಿಯಂ ಮಾಡಿದ್ದಾರೆ. ಟಿಕೆಟ್ ಕೊಂಡವರು ಹಡಗಿನ ಮೇಲೆ ಹತ್ತಬಹುದು, ಒಳಕ್ಕೆ ಇಳಿಯಬಹುದು. ಇಳಿದ ಮೇಲೆ ನಿರಾಸೆಯೆಲ್ಲ ಮಾಯ.

ಮೇಲಿನಿಂದ ಕಂಡ ದೊಡ್ಡ ಹೊಟ್ಟೆಯೊಳಗೆ ಜಾಗವೇ ಇಲ್ಲ. ಎಲ್ಲಿ ನೋಡಿದರೂ ತೊಲೆ. ಅಡ್ಡ ತೊಲೆ, ಓರೆ ತೊಲೆ, ಮೂಲೆಮೂಲೆಗೂ ಬಿಗಿದ ಬಾಗುಮರ. ತಲೆ ತಗ್ಗಿಸುವುದನ್ನು ಮರೆತವರಿಗೆ ಹಣೆಯಲ್ಲಿ ಬುಗುಟೆ ಗ್ಯಾರಂಟಿ. ಪಕ್ಕದ ಗೋಡೆ ಎರಡು ಅಡಿಗೂ ಹೆಚ್ಚು ದಪ್ಪ, ಮೂತಿಯ ಹತ್ತಿರ ಸುಮಾರು ನಾಲ್ಕು ಅಡಿ. ನಡುವೆ ಊಟದ ಸಲೂನು, ಅದರ ಸುತ್ತ ಮಲಗುವ ಕೋಣೆಗಳು. ಮೊದಲ ಯಾನದಲ್ಲಿ ನಾಯಕ, ಕ್ಯಾಪ್ಟನ್, ವೈದ್ಯ, ವಿಜ್ಞಾನದ ಹೊಣೆ ಹೊತ್ತವನು, ಈ ನಾಲ್ವರಿಗೆ ಒಂದೊಂದು ಗೂಡು. ಉಳಿದವರೆಲ್ಲ ಎರಡು ಕೋಣೆಗಳಲ್ಲಿ ಒತ್ತೊತ್ತಾಗಿ. ಮೂರು ವರ್ಷ! ನಾನು ಆ ಬಾಗಿಲಲ್ಲಿ ನಿಂತು, ಇಷ್ಟು ಜನ ಇಲ್ಲಿ ಜಗಳವಾಡದೆ ಹೇಗೆ ಇದ್ದರು ಅಂದುಕೊಂಡೆ. ಜಗಳವಾಡಿದ್ದರು ಅನ್ನುವುದು ಆಮೇಲೆ ಅವರ ಡೈರಿಗಳ ಬಗ್ಗೆ ಓದಿದಾಗ ತಿಳಿಯಿತು.

ಹಿನ್ನೆಲೆ ಚುಟುಕಾಗಿ ಹೀಗಿದೆ. 1881ರಲ್ಲಿ ಜೆನೆಟ್ ಎಂಬ ಅಮೆರಿಕನ್ ಹಡಗು ಸೈಬೀರಿಯಾದ ಉತ್ತರಕ್ಕೆ ಮಂಜುಗಡ್ಡೆಯ ಒತ್ತಡಕ್ಕೆ ಸಿಕ್ಕಿ ಮುಳುಗಿತು. ಮೂರು ವರ್ಷದ ನಂತರ ಅದರ ಸಾಮಾನುಗಳು ಗ್ರೀನ್‌ಲ್ಯಾಂಡ್‌ನ ನೈಋತ್ಯ ತೀರದಲ್ಲಿ ತೇಲಿಬಂದವು. ಹಾಗಾದರೆ ಮಂಜುಗಡ್ಡೆ ಧ್ರುವಸಾಗರವನ್ನು ದಾಟಿ ಹರಿಯುತ್ತಿದೆ ಎಂಬ ಲೆಕ್ಕವನ್ನು ನಂಬಿ ಹೊರಟವನು ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್. ಹರಿವಿನ ವಿರುದ್ಧ ಹೋಗಿ ಸಾಯುವುದಕ್ಕಿಂತ, ಬೇಕೆಂದೇ ಮಂಜಿನಲ್ಲಿ ಸಿಕ್ಕಿಬಿದ್ದು ಅದು ಒಯ್ದ ಕಡೆ ಹೋಗೋಣ ಎಂಬುದು ಅವನ ಯೋಜನೆ. ದೊಡ್ಡ ದೊಡ್ಡ ಧ್ರುವತಜ್ಞರು ಇದು ಆತ್ಮಹತ್ಯೆಯ ದಾರಿ ಎಂದರು. ನಾರ್ವೆಯ ಸಂಸತ್ತು ಮಾತ್ರ ಹಣ ಕೊಟ್ಟಿತು.

ಈ ಯೋಜನೆಗೆಂದೇ ಕಾಲಿನ್ ಆರ್ಚರ್ ಲಾರ್ವಿಕ್‌ನಲ್ಲಿ ಕಟ್ಟಿದ ಈ ಹಡಗು 1892ರ ಅಕ್ಟೋಬರ್‌ನಲ್ಲಿ ನೀರಿಗಿಳಿಯಿತು. ತಳ ದುಂಡು, ಪಕ್ಕಗಳು ದುಂಡು, ಮಂಜಿಗೆ ಹಿಡಿಯಲು ಒಂದು ಮೂಲೆಯೂ ಸಿಗದ ಹಾಗೆ. ಚುಕ್ಕಾಣಿ, ಪ್ರೊಪೆಲರ್ ಎರಡನ್ನೂ ಮೇಲಕ್ಕೆ ಎಳೆದುಕೊಳ್ಳುವ ವ್ಯವಸ್ಥೆ. ಒತ್ತಡ ಹೆಚ್ಚಿದಷ್ಟೂ, ಬೆರಳುಗಳ ನಡುವೆ ಹಿಡಿದ ಹಸಿ ಹಲಸಿನ ಬೀಜದ ಹಾಗೆ ಹಡಗು ಮೇಲಕ್ಕೆ ಜಾರಿಕೊಳ್ಳಬೇಕು. ಈ ಜಾಣ್ಮೆಯ ಬೆಲೆ ತೆತ್ತದ್ದು ತೆರೆದ ಸಮುದ್ರದಲ್ಲಿ. ದುಂಡು ತಳದ ಹಡಗು ವಿಪರೀತ ಹೊಯ್ದಾಡಿತು, ನಾಯಕ ನಾನ್ಸೆನ್ನನೇ ವಾಂತಿ ಮಾಡಿಕೊಂಡು ಮಲಗಿದ.

1893ರ ಜೂನ್ 24ರಂದು ಹೊರಟರು. ಒಟ್ಟು 13 ಮಂದಿ. ಸೆಪ್ಟೆಂಬರ್‌ನಲ್ಲಿ ಮಂಜು ಹಿಡಿಯಿತು. ವಿದ್ಯುತ್ ದೀಪಕ್ಕೆ ಡೆಕ್ಕಿನ ಮೇಲೆ ಗಾಳಿಯಂತ್ರ, ಓದಲು ಪುಸ್ತಕ ಭಂಡಾರ, ಬಗೆಬಗೆಯ ಡಬ್ಬಿ ಆಹಾರ. ಸ್ಕರ್ವಿ ಯಾರಿಗೂ ಬರಲಿಲ್ಲ. ಬಂದದ್ದು ಬೇಸರ. ರೋಗಿಗಳೇ ಇಲ್ಲದ ವೈದ್ಯ ಬ್ಲೆಸಿಂಗ್ ತನ್ನ ಮೇಲೆಯೇ ಮಾರ್ಫೀನ್ ಪ್ರಯೋಗ ಮಾಡಿಕೊಂಡು ಚಟಕ್ಕೆ ಬಿದ್ದ. ನಾನ್ಸೆನ್ ಮಹಾ ಮೇಧಾವಿ, ಆದರೆ ಮೂಡಿ. ಎಲ್ಲದರಲ್ಲೂ ಕೈಹಾಕುವವನು. ಇದನ್ನು ಜೊತೆಗಾರರು ಡೈರಿಯಲ್ಲಿ ಬರೆದುಕೊಂಡರು, ಎದುರಿಗೆ ಹೇಳುವ ಧೈರ್ಯ ಮಾಡಲಿಲ್ಲ.

ನಾನು ಓಸ್ಲೊಗೆ ಹೋದದ್ದು ನಾನ್ಸೆನ್ನನ ಕೋಣೆ ನೋಡಲಿಕ್ಕಲ್ಲ, ಎಂಜಿನ್ ಕೋಣೆ ನೋಡಲಿಕ್ಕೆ. ಯಾಲ್ಮರ್ ಯೋಹಾನ್ಸನ್ ಎಂಬವನ ಮೇಲೆ ನನಗೆ ಬಹಳ ಕಾಲದಿಂದ ಅಕ್ಕರೆ. ಮೀಸಲು ಸೇನೆಯ ಲೆಫ್ಟಿನೆಂಟ್, ಒಳ್ಳೆಯ ಜಿಮ್ನಾಸ್ಟ್, ಸ್ಕೀಯಿಂಗ್‌ನಲ್ಲಿ ಪಳಗಿದವನು. ಫ್ರಾಮ್ ಹೊರಡುವಾಗ ಜಾಗವೆಲ್ಲ ಭರ್ತಿ. ಬಾಯ್ಲರ್‌ಗೆ ಕಲ್ಲಿದ್ದಲು ಹಾಕುವ ಕೆಲಸವಾದರೂ ಸರಿ ಎಂದು ಹತ್ತಿಕೊಂಡ. ಆ ಕತ್ತಲ ಮೂಲೆಯಲ್ಲಿ ಸಲಿಕೆ ಹಿಡಿದು ಶುರು ಮಾಡಿದವನು ಎರಡು ವರ್ಷದೊಳಗೆ ಆವರೆಗೆ ಯಾರೂ ಹೋಗಿರದಷ್ಟು ಉತ್ತರಕ್ಕೆ ಹೋದ ಇಬ್ಬರಲ್ಲಿ ಒಬ್ಬನಾದ.

ಆದದ್ದು ಇಷ್ಟು. ಹಡಗು ತೇಲುವ ದಾರಿ ಧ್ರುವವನ್ನು ತಪ್ಪಿಸುತ್ತದೆ ಎಂದು ಗೊತ್ತಾದಾಗ ನಾನ್ಸೆನ್ 1895ರ ಮಾರ್ಚ್ 14ರಂದು ಯೋಹಾನ್ಸನ್ನನನ್ನು ಕರೆದುಕೊಂಡು ಇಳಿದು ಹೊರಟ. 28 ನಾಯಿ, ಮೂರು ಸ್ಲೆಡ್ಜ್, ಎರಡು ಕಯಾಕ್. ತೇಲುತ್ತಿರುವ ಹಡಗಿಗೆ ವಾಪಸು ಬರುವ ಆಸೆಯೇ ಇರಲಿಲ್ಲ. ಏಪ್ರಿಲ್ 8ರಂದು 86 ಡಿಗ್ರಿ 14 ನಿಮಿಷ ಉತ್ತರ ಅಕ್ಷಾಂಶ ಮುಟ್ಟಿ ತಿರುಗಿದರು. ಕೆಲವೇ ದಿನಗಳಲ್ಲಿ ಕೀಲಿ ಕೊಡಲು ಮರೆತು ಇಬ್ಬರ ಗಡಿಯಾರವೂ ನಿಂತಿತು. ಅಲ್ಲಿಂದ ಮುಂದೆ ತಾವು ಯಾವ ರೇಖಾಂಶದಲ್ಲಿದ್ದೇವೆ ಎಂಬುದೇ ಅಂದಾಜು.

ದುರ್ಬಲವಾದ ನಾಯಿಗಳನ್ನು ಒಂದೊಂದಾಗಿ ಕೊಂದು ಉಳಿದವಕ್ಕೆ ತಿನ್ನಿಸುತ್ತ ಬಂದರು. ಆಗಸ್ಟ್‌ನಲ್ಲಿ ತೆರೆದ ನೀರು ಸಿಕ್ಕಾಗ ಎರಡೇ ನಾಯಿ ಉಳಿದಿದ್ದವು, ಒಬ್ಬೊಬ್ಬರದು ಒಂದೊಂದು. ಕಯಾಕ್‌ನಲ್ಲಿ ಅವಕ್ಕೆ ಜಾಗವಿಲ್ಲ. ತನ್ನ ನಾಯಿಗೆ ತಾನೇ ಗುಂಡು ಹಾರಿಸಲಾರದೆ, ಇವನ ನಾಯಿಯನ್ನು ಅವನು, ಅವನ ನಾಯಿಯನ್ನು ಇವನು ಕೊಂದರು. ಅದಕ್ಕೆ ಒಂದೆರಡು ದಿನ ಮೊದಲು ಹಿಮಕರಡಿಯೊಂದು ಯೋಹಾನ್ಸನ್ನನನ್ನು ಕೆಡವಿ ಮೇಲೆ ಎರಗಿತ್ತು. ನಾನ್ಸೆನ್ನನ ಬಂದೂಕು ನೀರಿಗೆ ಜಾರುತ್ತಿದ್ದ ಕಯಾಕ್‌ನೊಳಗೆ. ಕರಡಿಯ ಗಂಟಲು ಅಮುಕಿ ಹಿಡಿದ ಯೋಹಾನ್ಸನ್, ಬೇಗ ಮಾಡದಿದ್ದರೆ ತಡವಾದೀತು ಎಂದನಂತೆ, ಅದೂ ತಣ್ಣಗೆ. ನಾನ್ಸೆನ್ ಬೇಗನೇ ಮಾಡಿದ.

ಚಳಿಗಾಲ ಕಳೆದದ್ದು ಫ್ರಾಂಜ್ ಜೋಸೆಫ್ ಲ್ಯಾಂಡ್‌ನಲ್ಲಿ ನೆಲ ತೋಡಿ, ಕಲ್ಲು ಪೇರಿಸಿ, ವಾಲ್ರಸ್ ಚರ್ಮ ಹೊದಿಸಿದ ಬಿಲದಲ್ಲಿ. ಸುಮಾರು ಎಂಟು ತಿಂಗಳು. ಬೆಳಿಗ್ಗೆ ಕರಡಿ ಮಾಂಸದ ಸಾರು, ರಾತ್ರಿ ಹುರಿದ ಕರಡಿ ಮಾಂಸ, ದೀಪಕ್ಕೆ ವಾಲ್ರಸ್ ಕೊಬ್ಬು. ಮೈ ಕಪ್ಪಗೆ ಜಿಡ್ಡುಗಟ್ಟಿ ಬಟ್ಟೆ ಚರ್ಮಕ್ಕೆ ಅಂಟುತ್ತಿತ್ತು. ಕ್ರಿಸ್‌ಮಸ್ ಹಿಂದಿನ ದಿನ ಯೋಹಾನ್ಸನ್ ಮಾಡಿದ ಸಂಭ್ರಮವೆಂದರೆ ಅಂಗಿಯನ್ನು ಒಳಹೊರಗು ತಿರುಗಿಸಿ ತೊಟ್ಟದ್ದು. ಹಬ್ಬದ ಹೊಸ ಬಟ್ಟೆ!

ನಾನ್ಸೆನ್ ಕೈಕಟ್ಟಿ ಕೂರುವ ನಾಯಕನಾಗಿರಲಿಲ್ಲ, ನಿಜ. 1896ರ ಜೂನ್‌ನಲ್ಲಿ ಒಟ್ಟಿಗೆ ಕಟ್ಟಿದ್ದ ಕಯಾಕ್‌ಗಳು ಸಾಮಾನಿನ ಸಮೇತ ತೇಲಿಹೋದಾಗ ಮಂಜಿನ ನೀರಿಗೆ ಹಾರಿ, ಮೈ ಮರಗಟ್ಟುವವರೆಗೆ ಈಜಿ ತಂದವನು ಅವನೇ. ಕೆಲವೇ ದಿನಗಳಲ್ಲಿ ಕೇಪ್ ಫ್ಲೋರಾ ಬಳಿ ನಾಯಿ ಬೊಗಳಿದ ಸದ್ದು. ಎದುರಿಗೆ ಬಂದವನು ಫ್ರೆಡರಿಕ್ ಜಾಕ್ಸನ್, ಹಿಂದೊಮ್ಮೆ ಫ್ರಾಮ್‌ಗೆ ಅರ್ಜಿ ಹಾಕಿ ನಾರ್ವೆಯವನಲ್ಲ ಎಂಬ ಕಾರಣಕ್ಕೆ ತಿರಸ್ಕೃತನಾದ ಇಂಗ್ಲಿಷಿನವನು! ತೂಕ ನೋಡಿದರೆ ನಾನ್ಸೆನ್ ಹಡಗು ಬಿಟ್ಟಾಗಿಗಿಂತ ಸುಮಾರು 10 ಕಿಲೋ, ಯೋಹಾನ್ಸನ್ 6 ಕಿಲೋ ಹೆಚ್ಚಾಗಿದ್ದರು.

ಇತ್ತ ಹಡಗಿನಲ್ಲಿ ಉಳಿದ 11 ಜನರ ಹೊಣೆ ಕ್ಯಾಪ್ಟನ್ ಒಟ್ಟೊ ಸ್ವೆರ್ಡ್ರುಪ್‌ನದು. ಮಾತು ಕಡಿಮೆ, ಗಡ್ಡ ದೊಡ್ಡದು. ಅವನ ಕಾಲದಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ಹಾಗೆ ನಡೆಯದಂತೆ ನೋಡಿಕೊಂಡದ್ದೇ ಅವನ ಕಸುಬು. ನಾಯಿ ಕೊಂದು, ಕರಡಿ ಗುದ್ದು ತಿಂದು ಇಬ್ಬರು ಮುಟ್ಟಿದ ಅಕ್ಷಾಂಶಕ್ಕೆ ಅರ್ಧ ಡಿಗ್ರಿಯೂ ಕಡಿಮೆಯಿಲ್ಲದಷ್ಟು ಉತ್ತರಕ್ಕೆ ಹಡಗು ತಾನಾಗಿಯೇ ತೇಲಿತು. ಕೊನೆಯ ಬೇಸಿಗೆಯಲ್ಲಿ ಸಿಡಿಮದ್ದಿನಿಂದ ಮಂಜು ಒಡೆಯುತ್ತ ದಾರಿ ಮಾಡಿಕೊಂಡು 1896ರ ಆಗಸ್ಟ್ 13ರಂದು ಫ್ರಾಮ್ ಹೊರಬಿತ್ತು. ಅದೇ ದಿನ ನಾನ್ಸೆನ್ ಜಾಕ್ಸನ್ನನ ಹಡಗಿನಲ್ಲಿ ನಾರ್ವೆಯ ವಾರ್ಡೊದಲ್ಲಿ ಇಳಿದ. ಹದಿಮೂರಕ್ಕೆ ಹದಿಮೂರೂ ಜನ ಜೀವಂತ.

ಯೋಹಾನ್ಸನ್‌ಗೆ ನಾಡಿನ ಬದುಕು ಒಗ್ಗಲಿಲ್ಲ. ಕುಡಿತ, ಸಾಲ, ಮುರಿದ ಸಂಸಾರ. ನಾನ್ಸೆನ್ನನ ಶಿಫಾರಸಿನ ಮೇಲೆ 1910ರಲ್ಲಿ ಅದೇ ಫ್ರಾಮ್ ಹತ್ತಿದ, ಈ ಸಲ ರೋಲ್ಡ್ ಅಮುಂಡ್ಸೆನ್ ಕೈಕೆಳಗೆ ದಕ್ಷಿಣಕ್ಕೆ. ಪೈಪೋಟಿಗಿದ್ದ ಬ್ರಿಟಿಷ್ ನಾಯಕ ಸ್ಕಾಟ್ ದಕ್ಷಿಣ ಧ್ರುವಕ್ಕೆ ಮುಂಚೆ ಹೋಗಿಬಿಟ್ಟಾನೆಂಬ ಅವಸರದಲ್ಲಿ ಅಮುಂಡ್ಸೆನ್ 1911ರ ಸೆಪ್ಟೆಂಬರ್ 8ರಂದೇ ಹೊರಟ. ಇಷ್ಟು ಬೇಗ ಬೇಡ ಎಂದವನು ಯೋಹಾನ್ಸನ್. ಚಳಿ ಮೈನಸ್ 50 ಡಿಗ್ರಿಗೂ ಕೆಳಗೆ ಇಳಿದು ಎಲ್ಲರೂ ಹಿಂತಿರುಗಬೇಕಾಯಿತು. ಕೊನೆಯ ದಿನ ನಾಯಕ ಇಬ್ಬರ ಜೊತೆ ಸ್ಲೆಡ್ಜ್ ಓಡಿಸಿಕೊಂಡು ಶಿಬಿರ ಸೇರಿಕೊಂಡ. ಹಿಂದೆ ಉಳಿದವರಲ್ಲಿ ತಂಡದ ಪ್ರೆಸ್ಟ್ರುಡ್‌ನ ಹಿಮ್ಮಡಿ ಮರಗಟ್ಟಿತ್ತು, ನಾಯಿಗಳು ಸೋತಿದ್ದವು. ಆಹಾರ, ಇಂಧನ ಎರಡೂ ಇರಲಿಲ್ಲ. ಅವನಿಗಾಗಿ ಕಾದು, ಮಧ್ಯರಾತ್ರಿ ಕಳೆದ ಮೇಲೆ ಶಿಬಿರಕ್ಕೆ ತಲುಪಿಸಿದವನು ಯೋಹಾನ್ಸನ್.

ಮರುದಿನ ಬೆಳಗಿನ ತಿಂಡಿಗೆ ಎಲ್ಲರೂ ಕೂತಿದ್ದಾಗ ಅವನು ಅಮುಂಡ್ಸೆನ್ನನ ಮುಖಕ್ಕೇ ಹೇಳಿದ, ಇದು ನಾಯಕ ಮಾಡುವ ಕೆಲಸವಲ್ಲ ಎಂದು. ಅಮುಂಡ್ಸೆನ್ ಅವನನ್ನು ಧ್ರುವದ ತಂಡದಿಂದ ತೆಗೆದ. ಸಾಲದ್ದಕ್ಕೆ, ಯಾರನ್ನು ಕಾಪಾಡಿದ್ದನೋ ಆ ಕಿರಿಯ ಪ್ರೆಸ್ಟ್ರುಡ್‌ನ ಕೈಕೆಳಗೇ ಬೇರೆ ದಿಕ್ಕಿಗೆ ಕಳಿಸಿದ. ಡಿಸೆಂಬರ್ 14ರಂದು ಧ್ರುವದಲ್ಲಿ ನಿಂತ ಐವರಲ್ಲಿ ಯೋಹಾನ್ಸನ್ ಇರಲಿಲ್ಲ. ಊರಿಗೂ ಒಂಟಿಯಾಗಿ ವಾಪಸಾದ. 1913ರ ಜನವರಿಯಲ್ಲಿ ತನ್ನ ಜೀವ ತಾನೇ ತೆಗೆದುಕೊಂಡ.

ಅಮುಂಡ್ಸೆನ್ನನ ಪರವಾಗಿಯೂ ಮಾತಿದೆ: ಎಲ್ಲರೆದುರು ಎದುರುತ್ತರ ಕೊಟ್ಟವನನ್ನು ಆ ಚಳಿಯ ನಾಡಿನಲ್ಲಿ ಜೊತೆಗಿಟ್ಟುಕೊಳ್ಳುವುದು ಅಪಾಯ. ಈ ವಾದವನ್ನು ನಾನು ಒಪ್ಪಲಾರೆ. ಧ್ರುವಕ್ಕೆ ಹೋದ ಐವರೂ ಸುರಕ್ಷಿತವಾಗಿ ಮರಳಿದ್ದಕ್ಕೆ, ಅವನು ಎರಡನೇ ಸಲ ಹವಾ ನೋಡಿ ಅಕ್ಟೋಬರ್‌ನಲ್ಲಿ ಹೊರಟದ್ದೂ ಒಂದು ಕಾರಣ. ಅಂದರೆ ಯೋಹಾನ್ಸನ್ ಹೇಳಿದ್ದೇ ಸರಿಯಿತ್ತು.

ನಾಯಕತ್ವದ ಪಾಠ ಹೇಳುವವರಿಗೆ ಇಂದಿಗೂ ಪ್ರಿಯನಾದವನು ಇನ್ನೊಬ್ಬ ಧ್ರುವಯಾನಿ ಶ್ಯಾಕಲ್‌ಟನ್. ಅವನ ಹಡಗು ಎಂಡ್ಯೂರೆನ್ಸ್ 1915ರಲ್ಲಿ ಮಂಜಿನಲ್ಲಿ ನುಚ್ಚುನೂರಾಯಿತು, ಆದ್ದರಿಂದ ಕತೆ ಹುಟ್ಟಿತು. ಮುಳುಗಿದ ಹಡಗಿನ ನಾಯಕನಿಗೆ ಸಿಕ್ಕಷ್ಟು ಓದುಗರು ಮುಳುಗದ ಹಡಗಿನ ಕ್ಯಾಪ್ಟನ್‌ಗೆ ಸಿಗಲಿಲ್ಲ. ಸ್ವೆರ್ಡ್ರುಪ್ 1898ರಿಂದ 1902ರವರೆಗೆ ಫ್ರಾಮ್‌ನಲ್ಲೇ ಇನ್ನೊಂದು ಯಾನ ನಡೆಸಿದ. ವಯಸ್ಸಾದ ಮೇಲೆ, ದಿಕ್ಕಿಲ್ಲದೆ ಕೊಳೆಯುತ್ತಿದ್ದ ಹಡಗನ್ನು ಉಳಿಸುವ ಸಮಿತಿಯ ಮುಂದಾಳಾದ. 1930ರಲ್ಲಿ ತೀರಿಕೊಂಡ. ಮ್ಯೂಸಿಯಂ ತೆರೆದದ್ದು 1936ರಲ್ಲಿ. ನನ್ನನ್ನು ಯಾರಾದರೂ ಧ್ರುವಯಾನಕ್ಕೆ ಕರೆದರೆ, ಕರೆಯುವ ಸಂಭವ ಇಲ್ಲವಾದರೂ, ನಾನು ಹತ್ತುವುದು ಸ್ವೆರ್ಡ್ರುಪ್‌ನ ಹಡಗನ್ನೇ. ಇಳಿದು ನಡೆಯಲೇಬೇಕಾಗಿ ಬಂದರೆ ಮಾತ್ರ ಜೊತೆಗೆ ಯೋಹಾನ್ಸನ್ ಬೇಕು.