ಸೈಕಲಿನ ಸಣ್ಣ ಸಾಮಾನು, ಮಳೆಗಾಲದ ದೊಡ್ಡ ಉಪಕಾರ

ಬೇಸಿಗೆಯಲ್ಲಿ ಸೈಕಲ್ ಯಾರೂ ತುಳಿಯಬಹುದು. ಸೈಕಲಿಗೂ ಸವಾರನಿಗೂ ನಿಜವಾದ ಪರೀಕ್ಷೆ ಆಟಿ ತಿಂಗಳಲ್ಲಿ. ಬೆಳಗ್ಗೆ ಐದೂವರೆಯ ಕತ್ತಲೆ, ಕ್ಯಾರಿಯರಿನಲ್ಲಿ ಹಾಲಿನ ಕ್ಯಾನು, ಮೇಲಿನಿಂದ ಮಳೆ, ಕೆಳಗಿನಿಂದ ಕೆಸರು, ಹಿಂದಿನಿಂದ ಲಾರಿ. ಈ ಹೊತ್ತಿಗೆ ಕೈಕೊಡದ ಸಾಮಾನು ಮಾತ್ರ ಸಾಮಾನು. ಉಳಿದದ್ದು ಅಂಗಡಿಯ ಗಾಜಿನೊಳಗೆ ಚಂದ, ಅಷ್ಟೆ.

ನಮ್ಮ ಮನೆಯಿಂದ ಹಾಲಿನ ಸೊಸೈಟಿಗೆ ಮೂರು ಕಿಲೋಮೀಟರ್. ಅದರಲ್ಲಿ ಅರ್ಧ ಕಿಲೋಮೀಟರ್ ಹೆದ್ದಾರಿ. ಎರಡು ಹೊತ್ತು ಹೋಗಿ ಬಂದರೆ ದಿನಕ್ಕೆ ಹನ್ನೆರಡು ಕಿಲೋಮೀಟರ್ ಆಯಿತು. ಲೀಟರಿಗೆ 40 ಕಿ.ಮೀ. ಕೊಡುವ ಸ್ಕೂಟರಾದರೆ ತಿಂಗಳಿಗೆ 9 ಲೀಟರ್ ಪೆಟ್ರೋಲ್ ಬೇಕು. 2021ರಲ್ಲಿ ಪೆಟ್ರೋಲ್ ಬೆಲೆ ನೂರು ದಾಟಿದ ಮೇಲೆ ಇದು ತಿಂಗಳಿಗೆ 900 ರೂಪಾಯಿ ಮೇಲಿನ ಬಾಬ್ತು. ಎರಡು ದನ ಸಾಕುವವನ ಹಾಲಿನ ದುಡ್ಡಿನಲ್ಲಿ ಇದು ಸಣ್ಣ ಪಾಲಲ್ಲ. ಅದಕ್ಕೇ ಸೈಕಲ್ ಬಿಟ್ಟಿಲ್ಲ.

ಸೈಕಲ್ ಇಲ್ಲದ ಮನೆಯೂ ಕಡಿಮೆ. ಎಂಟನೇ ತರಗತಿ ಮಕ್ಕಳಿಗೆ ಸರಕಾರ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾಯಿತು. ಆಗಿನಿಂದ ಬಂದ ಎಷ್ಟೋ ಸೈಕಲುಗಳು ಇಂದು ಹಟ್ಟಿಯ ಮೂಲೆಯಲ್ಲಿ ಗಾಳಿ ಇಲ್ಲದೆ ನಿಂತಿವೆ. ಅವನ್ನು ಹೊರಗೆ ತೆಗೆಯಬೇಕಾದರೆ ಏನೆಲ್ಲ ಜೋಡಿಸಬೇಕು? ನಾನು ಕಡಿಮೆ ನಿರೀಕ್ಷೆ ಇಟ್ಟು ಜೋಡಿಸಿ, ಎರಡು ಮಳೆಗಾಲ ಕಳೆದ ಮೇಲೂ ಬಿಡಲು ಮನಸ್ಸಾಗದ ಕೆಲವು ಸಾಮಾನುಗಳ ವಿಚಾರ ಇಲ್ಲಿ ಬರೆದಿದ್ದೇನೆ.

ಹಳೆ ಟ್ಯೂಬಿನ ಪಟ್ಟಿ

ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಬೈಕಿನ ಹಳೆ ಟ್ಯೂಬ್ ಸುಮ್ಮನೆ ಕೊಡುತ್ತಾರೆ. ಉದ್ದಕ್ಕೆ ಸೀಳಿ ಎರಡು ಬೆರಳು ಅಗಲದ ಪಟ್ಟಿ ಮಾಡಿಕೊಳ್ಳಿ. ಕ್ಯಾರಿಯರಿಗೆ ಕ್ಯಾನು, ಹಿಂಡಿ ಚೀಲ, ಹುಲ್ಲಿನ ಕಟ್ಟ, ಏನನ್ನೂ ಇದರಲ್ಲಿ ಬಿಗಿಯಬಹುದು. ಹಗ್ಗಕ್ಕೂ ಇದಕ್ಕೂ ಒಂದೇ ವ್ಯತ್ಯಾಸ. ಗುಂಡಿಗೆ ಇಳಿದಾಗ ಹೊರೆ ಸ್ವಲ್ಪ ಜಗ್ಗುತ್ತದೆ, ಹಗ್ಗವಾದರೆ ಅಲ್ಲಿಗೆ ಸಡಿಲ. ರಬ್ಬರು ಹೊರೆಯ ಜೊತೆಗೇ ಹಿಗ್ಗಿ ಮತ್ತೆ ಬಿಗಿಯುತ್ತದೆ. ಒದ್ದೆಯಾದರೂ ಕ್ಯಾನಿನ ಮೈ ಬಿಡುವುದಿಲ್ಲ.

ಪೇಟೆಯಲ್ಲಿ ಎರಡು ಕಡೆ ಕೊಕ್ಕೆ ಇರುವ ಬಣ್ಣದ ಎಲಾಸ್ಟಿಕ್ ಹಗ್ಗ ಸಿಗುತ್ತದೆ. ಅದರ ಎಳೆತ ಬಿಸಿಲಿಗೆ ಸಾಯುತ್ತದೆ. ಅದಕ್ಕಿಂತ ಹೆಚ್ಚಿನ ಭಯ ಕೊಕ್ಕೆಯದು. ಎಳೆದು ಸಿಕ್ಕಿಸುವಾಗ ಜಾರಿದರೆ ನೇರ ಮುಖಕ್ಕೆ, ಕಣ್ಣಿಗೆ. ಟ್ಯೂಬಿನ ಪಟ್ಟಿಗೆ ಕೊಕ್ಕೆಯೇ ಇಲ್ಲ. ತುದಿಯನ್ನು ಕೆಳಗೆ ತೂರಿಸಿದರೆ ಮುಗಿಯಿತು. ಎಣ್ಣೆ, ಗ್ರೀಸ್ ತಾಗಿಸಬೇಡಿ, ಬಾಳಿಕೆ ಬರುತ್ತದೆ.

ಮುಂದಿನ ಚಕ್ರದ ನಾಲಗೆ

ಕಾಲಿಗೂ ಚೈನಿಗೂ ಕೆಸರು ಹಾರುವುದು ಹಿಂದಿನ ಚಕ್ರದಿಂದ ಅಂತ ಹೆಚ್ಚಿನವರ ಎಣಿಕೆ. ಅಲ್ಲ, ಮುಂದಿನದರಿಂದ. ಮುಂದಿನ ಮಡ್‌ಗಾರ್ಡ್ ಅರ್ಧಕ್ಕೇ ಮುಗಿದಿರುತ್ತದೆ. ಅದರ ಕೆಳತುದಿಗೆ ಒಂದು ನಾಲಗೆ ಜೋಡಿಸಬೇಕು. ಹಳೆ ಎಣ್ಣೆ ಕ್ಯಾನಿನ ಪ್ಲಾಸ್ಟಿಕ್ ಸಾಕು. ನಾಲ್ಕು ಬೆರಳು ಅಗಲ, ನೆಲದಿಂದ ಒಂದು ಗೇಣಿಗಿಂತ ಕೆಳಗೆ ಇಳಿಯುವಷ್ಟು ಉದ್ದ. ಎರಡು ತೂತು, ಎರಡು ಬೋಲ್ಟು.

ಇಷ್ಟರಿಂದ ಏನಾದೀತು ಅಂತ ನನಗೂ ಅನಿಸಿತ್ತು. ಸೊಸೈಟಿ ಮುಟ್ಟುವಾಗ ಪಾದ ಕೆಸರಿಲ್ಲದೆ ಇತ್ತು, ಚೈನಿನಲ್ಲಿ ಎಣ್ಣೆ ಉಳಿದಿತ್ತು. ಕೆಂಪು ಮಣ್ಣಿನ ಕೆಸರು ಚೈನಿಗೆ ಅರದ ಹಾಗೆ. ತುಳಿದಷ್ಟೂ ಹಲ್ಲು ಸವೆಯುತ್ತದೆ. ಫ್ರಾನ್ಸಿನಲ್ಲಿ 1891ರಲ್ಲಿ ಶುರುವಾದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಎಂಬ ಸೈಕಲ್ ಸವಾರಿ ಇದೆ. ಈಗ ಅದರಲ್ಲಿ 1200 ಕಿಲೋಮೀಟರನ್ನು 90 ಗಂಟೆಯೊಳಗೆ ಮುಗಿಸಬೇಕು. ಅಂಥ ದೂರದ ಸವಾರರಲ್ಲಿಯೂ ಪೂರ್ಣ ಮಡ್‌ಗಾರ್ಡ್, ಕೆಳಗೆ ಉದ್ದದ ನಾಲಗೆ ಹಾಕುವವರು ಇದ್ದಾರೆ. ನಮ್ಮ ಹುಡುಗರು ಮಾತ್ರ ಚಂದ ಕಾಣುವುದಿಲ್ಲ ಅಂತ ಮಡ್‌ಗಾರ್ಡನ್ನೇ ಬಿಚ್ಚಿಡುತ್ತಾರೆ!

ಚೈನ್ ಕವರನ್ನೂ ಬಿಚ್ಚಬೇಡಿ. ಪಂಚೆ ಉಡುವವರಿಗೆ, ಚೂಡಿದಾರ್ ಹಾಕುವ ಹೆಂಗಸರಿಗೆ ಅದೇ ರಕ್ಷೆ. ಶಾಲನ್ನು ಸೊಂಟಕ್ಕೆ ಕಟ್ಟಿಯೇ ಸೈಕಲ್ ಹತ್ತಬೇಕು.

ಕೊಪ್ಪೆ ಮಾದರಿಯ ರೈನ್‌ಕೋಟು

ಪ್ಯಾಂಟು-ಕೋಟಿನ ರೈನ್‌ಕೋಟು ಬೈಕಿನಲ್ಲಿ ಕೂತು ಹೋಗುವವರಿಗೆ ಸರಿ. ತುಳಿಯುವವನಿಗೆ ಅಲ್ಲ. ಏರು ಹತ್ತುವಾಗ ಒಳಗಿನಿಂದ ಬೆವರಿ, ಹೊರಗಿನ ಮಳೆಗಿಂತ ಹೆಚ್ಚು ಒದ್ದೆಯಾಗುತ್ತದೆ. ಗಾಳಿ ಆಡದ ಪ್ಲಾಸ್ಟಿಕ್ಕಿನೊಳಗೆ ಇನ್ನೇನಾದೀತು?

ನಮ್ಮ ಹಿರಿಯರ ಕಂಬಳಿಕೊಪ್ಪೆ, ಗೊರಬೆ ನೆನಪಿಸಿಕೊಳ್ಳಿ. ಎರಡೂ ಮೇಲಿನಿಂದ ಮುಚ್ಚಿ ಕೆಳಗೆ ತೆರೆದಿರುತ್ತವೆ. ನೀರು ಜಾರಿ ಹೋಗುತ್ತದೆ, ಗಾಳಿ ಆಡುತ್ತದೆ. ಸೈಕಲಿಗೂ ಇದೇ ತತ್ವ ಸರಿ. ಅಡಿಕೆ ಅಂಗಳಕ್ಕೆ ತಂದ ಶೀಟಿನಲ್ಲಿ ಉಳಿದ ತುಂಡು ಸಾಕು. ಸುಮಾರು ಏಳು ಅಡಿ ಉದ್ದ, ಐದಡಿ ಅಗಲ. ನಡುವಿಗಿಂತ ಸ್ವಲ್ಪ ಮುಂದೆ ತಲೆ ತೂರುವಷ್ಟು ಸೀಳಿ, ಟೈಲರ್ ಹತ್ತಿರ ಒಂದು ಟೊಪ್ಪಿ ಹೊಲಿಸಿಕೊಳ್ಳಿ. ಮುಂದಿನ ಅಂಚು ಹ್ಯಾಂಡಲ್ ಮೇಲೆ ಬಂದರೆ ಕೈಯೂ ತೊಡೆಯೂ ಒಣ. ಹಿಂದಿನ ಉದ್ದದ ಅಂಚು ಕ್ಯಾರಿಯರ್ ಮೇಲೆ ಬಂದರೆ ಹಾಲಿನ ಕ್ಯಾನೂ ಒಣ.

ಈ ಕೊನೆಯದೇ ನನಗೆ ದೊಡ್ಡ ಲಾಭ. ಕ್ಯಾನಿನ ಮುಚ್ಚಳ ಸ್ವಲ್ಪ ಸಡಿಲ ಇದ್ದರೂ ಆಟಿಯ ಮಳೆ ಒಳಗೆ ಇಳಿಯುತ್ತದೆ. ಲೆಕ್ಕ ಹಾಕಿ ನೋಡಿ. ಐದು ಲೀಟರ್ ಹಾಲಿಗೆ ನೂರು ಮಿಲಿ ಮಳೆನೀರು ಸೇರಿದರೆ 28 ಇದ್ದ ಡಿಗ್ರಿ ಸುಮಾರು ಇಪ್ಪತ್ತೇಳೂವರೆಗೆ ಇಳಿಯುತ್ತದೆ. ಫ್ಯಾಟೂ ಅದೇ ಪ್ರಮಾಣದಲ್ಲಿ ತೆಳು. ನೀರು ಹಾಕಿದ್ದು ಆಕಾಶ, ಹೆಸರು ಕೆಡುವುದು ನಮ್ಮದು! ಲ್ಯಾಕ್ಟೋಮೀಟರಿಗೆ ಮಳೆಯ ಕತೆ ಅರ್ಥವಾಗುವುದಿಲ್ಲವಲ್ಲ.

ಎರಡು ಎಚ್ಚರಿಕೆ. ಹಿಂದಿನ ಅಂಚನ್ನು ಟ್ಯೂಬಿನ ಪಟ್ಟಿಯಿಂದ ಕ್ಯಾನಿನ ಜೊತೆಗೇ ಬಿಗಿಯಿರಿ. ಇಲ್ಲದಿದ್ದರೆ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಅಡ್ಡಗಾಳಿ ಜೋರಿರುವಾಗ ಇದು ಹಾಯಿಯ ಹಾಗೆ ಎಳೆಯುತ್ತದೆ. ಆಗ ಇಳಿದು ನೂಕಿಕೊಂಡು ಹೋಗುವುದೇ ಲೇಸು.

ಆಟದ ಬನಿಯನ್

ಕಬಡ್ಡಿ, ವಾಲಿಬಾಲ್ ಟೂರ್ನಮೆಂಟಿಗೆ ಹುಡುಗರು ಹೊಲಿಸುವ ಬಣ್ಣದ ಬನಿಯನ್ ಮರುವರ್ಷ ಮನೆಯಲ್ಲಿ ನೆಲ ಒರೆಸಲೂ ಆಗುವುದಿಲ್ಲ. ನೀರೇ ಹೀರುವುದಿಲ್ಲ. ಸೈಕಲಿಗೆ ಬೇಕಾದ ಗುಣ ಅದೇ. ಹತ್ತಿ ಬೆವರನ್ನೂ ಮಳೆಯನ್ನೂ ಕುಡಿದು ಮೈಗೆ ಅಂಟಿ ಕೂರುತ್ತದೆ, ಮಧ್ಯಾಹ್ನವಾದರೂ ಒಣಗುವುದಿಲ್ಲ. ಪಾಲಿಯೆಸ್ಟರ್ ಹಿಂಡಿ ಕೊಡವಿ ಒಲೆಯ ಮೇಲಿನ ಹಗ್ಗಕ್ಕೆ ಹಾಕಿದರೆ ಸಂಜೆಯ ಹಾಲಿಗೆ ಹೊರಡುವಾಗ ತಯಾರು. ಬೇಸಿಗೆಗೆ ಹತ್ತಿಯೇ ಹಿತ, ಅದರಲ್ಲಿ ಎರಡು ಮಾತಿಲ್ಲ.

ಘಟ್ಟದ ಮೇಲಿನವರಿಗೆ ಮಳೆಯ ಜೊತೆ ಚಳಿಯೂ ಇದೆ. ಅವರಿಗೆ ತೋಳಿಲ್ಲದ ಹಳೆ ಉಣ್ಣೆ ಸ್ವೆಟರ್ ಒಳಗೆ ಇರಲಿ. ಉಣ್ಣೆ ತನ್ನ ತೂಕದ ಸುಮಾರು ಶೇ. 30ರಷ್ಟು ತೇವ ಹೀರಿದರೂ ಮೈಗೆ ಒದ್ದೆ ಅನಿಸುವುದಿಲ್ಲ. 1903ರಲ್ಲಿ ಶುರುವಾದ ಟೂರ್ ದ ಫ್ರಾನ್ಸ್ ಸ್ಪರ್ಧೆಯ ಸವಾರರು ಹಲವು ದಶಕ ತೊಟ್ಟದ್ದು ಉಣ್ಣೆಯ ಅಂಗಿಯನ್ನೇ. ಕಂಬಳಿ ಹೊದ್ದು ಗದ್ದೆಗಿಳಿಯುತ್ತಿದ್ದ ನಮ್ಮವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ತಲೆಗೆ ಒಂದು ಬೈರಾಸು ಸುತ್ತಿ ಅದರ ಮೇಲೆ ಟೊಪ್ಪಿ ಎಳೆದುಕೊಂಡರೆ ಹಣೆಯಿಂದ ಕಣ್ಣಿಗೆ ನೀರು ಇಳಿಯುವುದಿಲ್ಲ.

ಟ್ಯಾಪಿಂಗ್ ಲೈಟು

ರಬ್ಬರ್ ಟ್ಯಾಪಿಂಗಿಗೆ ಹಣೆಗೆ ಕಟ್ಟುವ ಲೈಟನ್ನು ಸೈಕಲಿಗೂ ಬಳಸಬಹುದು ಅಂತ ಹೇಳಿದ್ದು ನೆರೆಯ ಟ್ಯಾಪರ್. ಇದರ ಗುಣವೆಂದರೆ ನೀವು ನೋಡಿದಲ್ಲಿಗೆ ಬೆಳಕು. ತಿರುವಿನಲ್ಲಿ, ತೋಡಿನ ಸಂಕದ ಮೇಲೆ ಹ್ಯಾಂಡಲ್ ಲೈಟಿಗಿಂತ ಇದು ಮೇಲು. ಚೈನ್ ತಪ್ಪಿದರೆ ಎರಡೂ ಕೈ ಖಾಲಿ. ಎದುರಿನಿಂದ ಜನ ಬರುವಾಗ ಮಾತ್ರ ತಲೆ ತಗ್ಗಿಸಿ, ಅವರ ಕಣ್ಣು ಕುಕ್ಕಬಾರದು.

ಆದರೆ ಇದೊಂದೇ ಸಾಲದು. ಡೈನಮೋ ಇದ್ದರೆ ಕಳಚಬೇಡಿ. 6 ವೋಲ್ಟ್, 3 ವ್ಯಾಟಿನ ಹಳೆ ಡೈನಮೋ ಚಾರ್ಜೂ ಕೇಳುವುದಿಲ್ಲ, ಸೆಲ್ಲೂ ಕೇಳುವುದಿಲ್ಲ. ಡೈನಮೋಗೆಂದೇ ಬರುವ ಎಲ್‌ಇಡಿ ಲೈಟು ಜೋಡಿಸಿದರೆ ನಿಧಾನ ತುಳಿದರೂ ಬೆಳಕು ಸಾಕು. ಜೋರು ಮಳೆಗೆ ಟಯರ್ ಮೇಲೆ ಅದರ ಗಾಲಿ ಜಾರುವುದುಂಟು, ಸೈಕಲ್ ನಿಂತರೆ ಬೆಳಕೂ ನಿಲ್ಲುತ್ತದೆ. ಆ ಹೊತ್ತಿಗೆ ಹಣೆಯ ಲೈಟು ಇದ್ದೇ ಇದೆ.

ಲಾರಿಯವನಿಗೆ ನಾವು ಕಾಣುವುದು ನಮಗೆ ದಾರಿ ಕಾಣುವುದಕ್ಕಿಂತ ಮುಖ್ಯ. ಲಾರಿಯ ಹಿಂದೆ ಅಂಟಿಸುವ ಮಿನುಗುವ ಕೆಂಪು ಪಟ್ಟಿ ಗೇಣುದ್ದ ತಂದು ಹಿಂದಿನ ಮಡ್‌ಗಾರ್ಡಿಗೆ, ಕ್ಯಾನಿನ ಹಿಂಬದಿಗೆ ಅಂಟಿಸಿ. ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸುವುದು ಈ ಪಟ್ಟಿಯ ಕೆಲಸ. ಪೆಡಲಿನ ಹಳದಿ ರಿಫ್ಲೆಕ್ಟರ್ ಒಡೆದಿದ್ದರೆ ಮೊದಲು ಅದನ್ನು ಹಾಕಿಸಿ. ತುಳಿಯುವಾಗ ಅದು ಮೇಲೆ ಕೆಳಗೆ ಆಡುತ್ತದೆ, ಮುಂದೆ ಇರುವುದು ಸೈಕಲ್ ಅಂತ ದೂರದಿಂದಲೇ ಗೊತ್ತಾಗುತ್ತದೆ. ನಾನು ಹೇಳಿದ ಆ ದೂರದ ಸವಾರಿಗಳ ನಿಯಮದಲ್ಲೂ ರಾತ್ರಿ ಹೊತ್ತು ಸೈಕಲಿಗೇ ಬಿಗಿದ ಹಿಂದಿನ-ಮುಂದಿನ ಲೈಟು, ಮೈಮೇಲೆ ಮಿನುಗುವ ಪಟ್ಟಿಯ ಅಂಗಿ ಕಡ್ಡಾಯ. ರಸ್ತೆ ಕೆಲಸದವರು ತೊಡುವಂಥ ಅಂಗಿಯೇ ಅದು. ಕೊಪ್ಪೆಯ ಬೆನ್ನಿಗೂ ಎರಡು ಪಟ್ಟಿ ಅಂಟಿಸಲು ಮರೆಯಬೇಡಿ. ಇಲ್ಲದಿದ್ದರೆ ಒಳಗಿನ ಅಂಗಿ ಮಿನುಗಿ ಪ್ರಯೋಜನವಿಲ್ಲ.

ಖರ್ಚಿಲ್ಲದ ಎರಡು ಕೆಲಸ

ಮಂಡಿನೋವು ಅಂತ ಸೈಕಲ್ ಬಿಟ್ಟವರು ಮೊದಲು ಸೀಟಿನ ಎತ್ತರ ನೋಡಲಿ. ಸೀಟಿನಲ್ಲಿ ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲೆ ಇಟ್ಟಾಗ ಕಾಲು ನೆಟ್ಟಗೆ ಇರಬೇಕು. ಆಗ ಮುಂಗಾಲಿನಲ್ಲಿ ತುಳಿಯುವಾಗ ಮಂಡಿ ಸ್ವಲ್ಪವೇ ಬಾಗುತ್ತದೆ. ನಮ್ಮಲ್ಲಿ ಹೆಚ್ಚಿನ ಸೀಟುಗಳು ತಗ್ಗಿನಲ್ಲೇ ಇರುತ್ತವೆ. ಸ್ಪ್ಯಾನರ್ ಒಂದು ಸಾಕು.

ಇನ್ನೊಂದು ಬ್ರೇಕು. ಉಕ್ಕಿನ ರಿಮ್ ಒದ್ದೆಯಾದಾಗ ಬ್ರೇಕಿನ ರಬ್ಬರ್ ಕಚ್ಚುವುದಿಲ್ಲ. ಇಳಿಜಾರು ಬರುವ ಮೊದಲೇ ಎರಡು ಮೂರು ಸಲ ಮೆಲ್ಲಗೆ ಹಿಡಿದು ಬಿಡಿ. ರಿಮ್ಮಿನ ನೀರು ಒರಸಿ ಹೋಗುತ್ತದೆ.

ನಿರಾಸೆ ಮಾಡಿದವು

ದುಡ್ಡು ಕೊಟ್ಟು ತಂದವುಗಳಲ್ಲಿ ಮೆತ್ತನೆಯ ಸೀಟ್ ಕವರ್ ಮಳೆನೀರು ಹೀರಿ ದಿನವಿಡೀ ಒದ್ದೆ. ಹಿಂದೆ ಮಿನುಗುವ ಸಣ್ಣ ಕೆಂಪು ಲೈಟಿನೊಳಗೆ ಮೊದಲ ಮಳೆಗೇ ನೀರು ಹೋಯಿತು. ಮುಚ್ಚಳಕ್ಕೆ ಒಳಗಿನಿಂದ ರಬ್ಬರ್ ಬಳೆ ಇರುವಂಥದ್ದನ್ನು ನೋಡಿ ತಂದ ಮೇಲೆ ತೊಂದರೆ ಇಲ್ಲ. ಬೆರಳಿಲ್ಲದ ಗ್ಲೌಸು ಚಂದ ಇತ್ತು, ಒಣಗಲು ಎರಡು ದಿನ ಬೇಕಾಯಿತು.

ಕೆಲಸಕ್ಕೆ ಬಂದವೆಲ್ಲ ಹಟ್ಟಿಯಲ್ಲಿ, ಅಂಗಳದಲ್ಲಿ, ಪಂಕ್ಚರ್ ಅಂಗಡಿಯ ಮೂಲೆಯಲ್ಲಿ ಆಗಲೇ ಇದ್ದಂಥವು. ಹಣ ಕೊಡುವುದಾದರೆ ಬೆಳಕಿಗೂ ಮಿನುಗುವ ಪಟ್ಟಿಗೂ ಕೊಡಿ, ಅಲ್ಲಿ ಚೌಕಾಶಿ ಬೇಡ. ಉಳಿದದ್ದಕ್ಕೆ ಮೊದಲು ಮನೆಯ ಸುತ್ತ ಒಂದು ಸಲ ಕಣ್ಣಾಡಿಸಿ.

ಬಯಲುಸೀಮೆಯ ಬಿಸಿಲಿಗೆ, ಜೋಳದ ದಂಟಿನ ಹೊರೆಗೆ ಬೇರೆಯೇ ಉಪಾಯಗಳು ಇರಬೇಕು. ಅಲ್ಲಿನ ಸೈಕಲ್ ಸವಾರರು ಎರಡು ಸಾಲು ಬರೆದರೆ ಎಲ್ಲರಿಗೂ ಉಪಕಾರ.