ನಾಯಿಗೆ ಮೂರ್ಛೆ ಬಂದಾಗ

ಮಿರಜಿಯಿಂದ ಮೂಡಲಿಗೆ ನಮ್ಮ ಪರಿಚಯದವರ ತೋಟದ ವಸ್ತಿಯಿದೆ. ನಾವು ಅಲ್ಲಿ ತಂಗಿದ್ದಾಗ ಒಂದು ನಸುಕಿನಲ್ಲಿ ಗದ್ದಲವೆದ್ದಿತು. ಮಲಗಿದ್ದ ಬೇಟೆನಾಯಿ ಪಕ್ಕಕ್ಕೆ ಉರುಳಿ, ನಾಲ್ಕೂ ಕಾಲು ಸೆಟೆದು ಬಡಿಯುತ್ತಿತ್ತು, ಬಾಯಲ್ಲಿ ನೊರೆ. “ಹುಚ್ಚು ಹಿಡದೈತಿ, ಬಡಗಿ ತಗೊಂಬಾ” ಎಂದರೊಬ್ಬರು. “ಚಪ್ಪಲಿ ಮೂಸಸ್ರಿ” ಎಂದರಿನ್ನೊಬ್ಬರು. ಮನೆಯ ಆಯಿ ಮಾತ್ರ “ತಡೀರಪ್ಪಾ, ಕೂಸಿಗೆ ಬಂದ್ರ ಬಡಿತಿದ್ರೇನು?” ಎಂದು ಅಡ್ಡ ನಿಂತರು. ಎರಡು ನಿಮಿಷದಲ್ಲಿ ಸೆಳೆತ ನಿಂತಿತು. ನಾಯಿ ಎದ್ದು, ಕುರುಡರಂತೆ ಗೋಡೆಗೆ ಹಾಯುತ್ತ ತಿರುಗಾಡಿ, ಅರ್ಧ ತಾಸಿನಲ್ಲಿ ಆಯಿಯ ಗುರುತು ಹಿಡಿದು ಬಾಲವಾಡಿಸಿತು.

ಚಪ್ಪಲಿಯಿಂದ ಮೂರ್ಛೆ ನಿಂತುದಲ್ಲ. ನಿಲ್ಲುವ ಹೊತ್ತಿಗೆ ಚಪ್ಪಲಿ ಅಲ್ಲಿತ್ತು, ಅಷ್ಟೇ.

ಮನುಷ್ಯರಂತೆ ನಾಯಿಗೂ ಅಪಸ್ಮಾರವುಂಟು. ಸಾಮಾನ್ಯವಾಗಿ 6 ತಿಂಗಳಿಂದ 6 ವರ್ಷದೊಳಗೆ ಮೊದಲು ತೋರುತ್ತದೆ. ಎಷ್ಟೋ ಸಲ ವಂಶದಲ್ಲಿ ಬರುತ್ತದೆ. ನಮ್ಮ ಕಡೆ ಕಾರವಾನಿ ಎನ್ನುವ ಮುಧೋಳ ನಾಯಿಯನ್ನು ಮರಿಗಾಗಿ ಸಾಕುವವರು ಬೇನೆಯಿದ್ದ ನಾಯಿಯನ್ನು ತಳಿಗೆ ಬಿಡಬಾರದು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ತಳಿಯಿದು, ಕೆಡಿಸುವುದೇಕೆ?

ಹುಚ್ಚುನಾಯಿ ಹೀಗೆ ಅರ್ಧ ತಾಸಿನಲ್ಲಿ ಸುಧಾರಿಸದು. ಅದರ ಸ್ವಭಾವ, ದನಿ ಬದಲಾಗುತ್ತದೆ, ದವಡೆ ಜೋಲುತ್ತದೆ, ದಿನದಿನಕ್ಕೆ ಹೆಚ್ಚಾಗಿ ಸಾಯುತ್ತದೆ. ಅಂಥ ಸಂಶಯವಿದ್ದರೆ ಜೊಲ್ಲು ಮುಟ್ಟಬೇಡಿರಿ. ಕಚ್ಚಿದರೆ ಅರಿಷಿಣ, ಖಾರ ಹಚ್ಚದೆ ಸಾಬೂನು ನೀರಿನಿಂದ 15 ನಿಮಿಷ ಗಾಯ ತೊಳೆದು, ಅಂದೇ ಸರಕಾರಿ ದವಾಖಾನೆಯಲ್ಲಿ ಲಸಿಕೆ ಹಾಕಿಸಿಕೊಳ್ಳಿರಿ.

ದ್ರಾಕ್ಷಿ ತೋಟದವರಿಗೆ ಇನ್ನೊಂದು ಮಾತು. ಕೀಟನಾಶಕದ ಡಬ್ಬಿ ನೆಕ್ಕಿದರೂ, ಇಲಿಪಾಷಾಣ ತಿಂದರೂ ಸೆಳೆತ ಬರುತ್ತದೆ. ಜೊಲ್ಲು, ವಾಂತಿ, ನಡುಕವೂ ಜೊತೆಗಿರಬಹುದು. ಆ ಡಬ್ಬಿ ಸಮೇತ ನಾಯಿಯನ್ನು ಕೂಡಲೇ ದನದ ದವಾಖಾನೆಗೆ ಒಯ್ಯಿರಿ. ಮರಿಗಳಲ್ಲಿ ಕಣ್ಣು ಮೂಗು ಸೋರಿ, ಕೆಮ್ಮಿ, ಆಮೇಲೆ ಸೆಳೆತ ಬಂದರೆ ಡಿಸ್ಟೆಂಪರ ಇರಬಹುದು. ಅದಕ್ಕೆ ಮೊದಲೇ ಚುಚ್ಚುಮದ್ದು ಹಾಕಿಸುವುದೇ ಲೇಸು.

ಮೂರ್ಛೆ ಬಂದಾಗ ಗಡಿಯಾರ ನೋಡಿರಿ. ಬಾವಿಯ ಕಟ್ಟೆ, ಒಲೆಯಿಂದ ದೂರ ಸರಿಸಿರಿ, ಬಾಯಲ್ಲಿ ಕೈಯಿಡಬೇಡಿರಿ. ನಾಯಿ ನಾಲಗೆ ನುಂಗುವುದಿಲ್ಲ, ಆದರೆ ಎಚ್ಚರವಿಲ್ಲದೆ ಕಚ್ಚಬಹುದು. ಪೂರ್ತಿ ಎಚ್ಚರವಾಗುವ ತನಕ ನೀರು ಕುಡಿಸಬೇಡಿರಿ. ಐದು ನಿಮಿಷ ಮೀರಿದರೆ, ಇಲ್ಲವೆ ಒಂದೇ ದಿನ ಎರಡು ಸಲ ಬಂದರೆ ಕಂಬಳಿಯಲ್ಲೆತ್ತಿ ಡಾಕ್ಟರರ ಕಡೆಗೆ ನಡೆಯಿರಿ. ಅವರು ಮರಾಠಿಯವರಾದರೆ “ಫಿಟ್” ಎಂದರೆ ಸಾಕು. ಫೆನೊಬಾರ್ಬಿಟೋನ ಗುಳಿಗೆ ಕೊಟ್ಟರೆ ದಿನಾ ಹೊತ್ತಿಗೆ ಸರಿಯಾಗಿ ಹಾಕಬೇಕು. ಗುಣವಾಯಿತೆಂದು ಒಮ್ಮೆಲೇ ಬಿಟ್ಟರೆ ಮೊದಲಿಗಿಂತ ಜೋರಾಗಿ ಬಂದೀತು.

ಬಂದ ದಿನಗಳನ್ನು ಗುರುತು ಹಾಕಿಡಿರಿ. ಆ ವಸ್ತಿಯ ಆಯಿಗೆ ಅಕ್ಷರ ಬಾರದು; ಬಾಗಿಲ ಹಿಂದೆ ಇದ್ದಲಿಯಿಂದ ಒಂದೊಂದು ಗೆರೆ ಎಳೆದಿದ್ದರು. ಡಾಕ್ಟರರು ಆ ಗೆರೆಗಳ ಲೆಕ್ಕ ಕೇಳಿಯೇ ಗುಳಿಗೆಯ ಪ್ರಮಾಣ ಗೊತ್ತುಮಾಡಿದರು.