ಎತ್ತರವೊಂದೇ ಸಾಲದು, ಅಂಕಣವೂ ಬೇಕು

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಅನೇಕ ವಸತಿ ಸಮುಚ್ಚಯಗಳಲ್ಲಿ ಇಂದು ಬಾಸ್ಕೆಟ್‌ಬಾಲ್ ಅಂಕಣಗಳಿವೆ. ಅಲ್ಲಿಯ ಮಕ್ಕಳು ಅಮೆರಿಕದ ಎನ್.ಬಿ.ಎ. ತಂಡಗಳ ಅಂಗಿ ತೊಟ್ಟು ಆಡುವುದನ್ನು ನಾವು ಕಾಣುತ್ತೇವೆ. ಆದರೆ ನೂರನಲವತ್ತು ಕೋಟಿ ಜನರ ಈ ನಾಡಿನಲ್ಲಿ ಆಡಿ ಬೆಳೆದ ಒಬ್ಬನೇ ಒಬ್ಬನೂ ಆ ಲೀಗಿನ ಮುಖ್ಯ ಪಂದ್ಯಗಳಲ್ಲಿ ಇದುವರೆಗೆ ಅಂಕಣಕ್ಕಿಳಿದಿಲ್ಲ. ಮೂವತ್ತು ಲಕ್ಷ ಜನರೂ ಇಲ್ಲದ ಲಿಥುವೇನಿಯಾ ಅಲ್ಲಿಗೆ ಆಟಗಾರರನ್ನು ಕಳುಹಿಸುತ್ತಲೇ ಬಂದಿದೆ. ಇದಕ್ಕೆ ಕಾರಣವೇನು?

ನಮ್ಮವರಿಗೆ ಎತ್ತರವಿಲ್ಲ ಎಂಬುದು ಸಿದ್ಧ ಉತ್ತರ. ಇದು ಅರ್ಧ ಸತ್ಯ. ಪಂಜಾಬಿನ ಬಲ್ಲೋಕೆ ಗ್ರಾಮದ ರೈತನ ಮಗ ಸತ್ನಾಮ್ ಸಿಂಗ್ ಏಳು ಅಡಿಗೂ ಮೀರಿದ ಎತ್ತರದವರು. 2010ರಲ್ಲಿ ಫ್ಲಾರಿಡಾದ ತರಬೇತಿ ಶಾಲೆಗೆ ತೆರಳಿದ ಅವರನ್ನು 2015ರಲ್ಲಿ ಡಲ್ಲಾಸ್ ತಂಡವು 52ನೆಯವರಾಗಿ ಆಯ್ಕೆ ಮಾಡಿತು. ಆ ಗೌರವ ಪಡೆದ ಮೊದಲ ಭಾರತೀಯ ಅವರೇ. ಆದರೂ ಕೆಳ ಹಂತದ ಲೀಗನ್ನು ದಾಟಿ ಅವರು ಮುಂದೆ ಹೋಗಲಾಗಲಿಲ್ಲ. ಎತ್ತರವು ಬಾಗಿಲನ್ನು ತೆರೆಯಬಲ್ಲುದೇ ಹೊರತು ಒಳಗೆ ನಿಲ್ಲಿಸಲಾರದು ಎಂಬುದಕ್ಕೆ ಇದೇ ನಿದರ್ಶನ.

ನಿಲ್ಲಿಸಬಲ್ಲುದು ಬಾಲ್ಯದಿಂದ ಬಂದ ನಿತ್ಯದ ಅಭ್ಯಾಸ. ಸರ್ಬಿಯಾ, ಲಿಥುವೇನಿಯಾಗಳ ಊರೂರಿನಲ್ಲಿಯೂ ಕ್ಲಬ್ಬುಗಳಿವೆ. ಹತ್ತು ಹನ್ನೆರಡರ ವಯಸ್ಸಿನ ಮಕ್ಕಳು ಅಲ್ಲಿ ಬಲ್ಲ ತರಬೇತುದಾರರ ಕೈಯಲ್ಲಿ ಪಳಗಿ, ವರ್ಷವಿಡೀ ಸಮಬಲರೊಡನೆ ಪಂದ್ಯವಾಡುತ್ತಾರೆ. 2014ರಲ್ಲಿ 41ನೆಯವರಾಗಿ ಆಯ್ಕೆಯಾದ ಸರ್ಬಿಯಾದ ನಿಕೋಲಾ ಯೋಕಿಚ್ ಮೂರು ಬಾರಿ ಎನ್.ಬಿ.ಎ. ಶ್ರೇಷ್ಠ ಆಟಗಾರ ಪ್ರಶಸ್ತಿ ಗಳಿಸಿದ್ದು ಇಂತಹ ಅಡಿಪಾಯದ ಮೇಲೆ.

ನಮ್ಮಲ್ಲಿ ಆಗುವುದು ಬೇರೆ. ಒಳ್ಳೆಯ ಆಟಗಾರನ ಗುರಿ ರೈಲ್ವೆ, ಪೊಲೀಸ್, ಬ್ಯಾಂಕುಗಳಲ್ಲಿ ಕ್ರೀಡಾ ಕೋಟಾದ ನೌಕರಿ. ಅದು ಅನೇಕ ಬಡ ಕುಟುಂಬಗಳನ್ನು ಕಾಪಾಡಿದೆ, ಅದನ್ನು ನಾವು ಹಳಿಯಲಾರೆವು. ಆದರೆ ನೌಕರಿ ಕೈಸೇರಿದ ಮೇಲೆ ಮುಂದಿನ ಮೆಟ್ಟಿಲೇ ಇಲ್ಲ. 2015ರಲ್ಲಿ ಆರಂಭವಾದ ಯು.ಬಿ.ಎ. ವೃತ್ತಿಪರ ಲೀಗು 2017ರ ನಂತರ ನಿಂತುಹೋಯಿತು.

ನಮ್ಮ ಬೆಂಗಳೂರೇ ಕಂಡ ಪಾಠವೊಂದಿದೆ. 2017ರ ಜುಲೈಯಲ್ಲಿ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದ ಮಹಿಳೆಯರ ಏಷ್ಯಾ ಕಪ್‌ನ ಎರಡನೆಯ ವಿಭಾಗದಲ್ಲಿ ಭಾರತದ ವನಿತೆಯರು ಕಜಕಿಸ್ತಾನವನ್ನು 75-73ರಿಂದ ಸೋಲಿಸಿ ಮೇಲೇರಿದರು. 2019ರಲ್ಲಿ ಅದೇ ನಗರದಲ್ಲಿ, ಮೇಲಿನ ವಿಭಾಗದ ಎಂಟು ತಂಡಗಳ ನಡುವೆ ಕೊನೆಯ ಸ್ಥಾನಕ್ಕಿಳಿದರು. ಒಂದು ಗೆಲುವಿಗೆ ಛಲ ಸಾಕು. ನೆಲೆ ನಿಲ್ಲಲು ಅದರ ಹಿಂದೆ ವರ್ಷಗಳ ಸಿದ್ಧತೆ ಇರಬೇಕು.

ಆ ವರ್ಷಗಳು ಕಳೆದುಹೋಗುವುದು ನಮ್ಮ ಮನೆಗಳಲ್ಲಿಯೇ. ಒಂಬತ್ತನೆಯ ತರಗತಿಗೆ ಬಂದೊಡನೆ, "ಇನ್ನು ಆಟ ಸಾಕು, ಮನೆಪಾಠಕ್ಕೆ ಹೋಗಪ್ಪಾ" ಎನ್ನುತ್ತೇವೆ. ಆಟಗಾರ ರೂಪುಗೊಳ್ಳಬೇಕಾದ ಕಾಲವೇ ಅದು. ಇತ್ತ ಪೀಣ್ಯದ ಕಾರ್ಖಾನೆಗಳ ನಡುವೆ, ಕಿರಿದಾದ ಬಾಡಿಗೆ ಮನೆಗಳಲ್ಲಿ ಬೆಳೆಯುವ ಮಕ್ಕಳಿಗೆ ಬಿಡಿಸಲು ಆಟವೂ ಇರುವುದಿಲ್ಲ, ಆಡಲು ಅಂಗಳವೂ ಇರುವುದಿಲ್ಲ.

ಪಾಲಕರು ಇನ್ನೊಂದನ್ನು ಅರಿಯಬೇಕು. ಅಮೆರಿಕದ ಕಾಲೇಜು ತಂಡ ಸೇರುವವನಿಗೆ ಶಾಲೆಯ ಅಂಕಗಳೂ ಅಗತ್ಯ. ಓದು ಆಟಕ್ಕೆ ವೈರಿಯಲ್ಲ, ಜೊತೆಗಾರ. ಹಾಗೆಂದು ಪ್ರತಿ ಮಗುವೂ ಆ ಲೀಗಿಗೆ ಹೋಗುತ್ತದೆಂದು ನಾವು ಆಸೆ ಹುಟ್ಟಿಸುವುದಿಲ್ಲ. ಅಲ್ಲಿರುವುದು 30 ತಂಡಗಳು. ತಂಡಕ್ಕೆ ಹದಿನೈದರಂತೆ ಸುಮಾರು 450 ಸ್ಥಾನಗಳು ಮಾತ್ರ. ಆದರೆ ಸಾವಿರಾರು ಮಕ್ಕಳು ಶ್ರದ್ಧೆಯಿಂದ ಆಡಿದಲ್ಲಿ ಮಾತ್ರ ಒಬ್ಬನು ಅಲ್ಲಿಗೆ ತಲಪುವನು. ಉಳಿದವರಿಗೆ ಆರೋಗ್ಯ, ಶಿಸ್ತು, ಸಂಗಾತಿಗಳನ್ನು ಕೂಡಿಕೊಂಡು ದುಡಿಯುವ ಗುಣ ದಕ್ಕುವುದು.

ನಮ್ಮ ಹಿರಿಯರು ಅನ್ನ, ಅಕ್ಷರ, ಆಶ್ರಯಗಳ ದಾಸೋಹದಿಂದ ನಾಡನ್ನು ಕಟ್ಟಿದರು. ಮಠಗಳ ವಿದ್ಯಾರ್ಥಿನಿಲಯಗಳಲ್ಲಿ ಓದಿದವರು ಇಂದು ಇದೇ ಕೈಗಾರಿಕಾ ವಲಯಗಳಲ್ಲಿ ನೆಲೆಸಿದ್ದಾರೆ. ನಮ್ಮ ಶಿಕ್ಷಣ ಸಂಸ್ಥೆಗಳು ಸಂಜೆ ಎರಡು ಗಂಟೆ ಗೇಟು ತೆರೆದು, ಒಬ್ಬ ತರಬೇತುದಾರರನ್ನು ನೇಮಿಸಿ, ಸುತ್ತಲಿನ ಎಲ್ಲ ಮಕ್ಕಳಿಗೂ ಆಡಲು ಅವಕಾಶ ನೀಡಿದರೆ ಅದೂ ದಾಸೋಹವೇ ಆದೀತು. ಬಂಧುಗಳು ತಮ್ಮ ಬಡಾವಣೆಯಲ್ಲಿ ಈ ಮಾತನ್ನು ಎತ್ತಬೇಕೆಂಬುದು ನಮ್ಮ ಅರಿಕೆ.